ಹಣ ಸಾಗಿಸುವ ಜಾಲಕ್ಕೆ ದುಡ್ಡು ಹಾಕೋರು ಯಾರು?

1968ರಲ್ಲಿ ಅಮೆರಿಕದ ಕೊಲಂಬಸ್ ನಗರದಲ್ಲಿ ಒಂದು ಸಭೆ ನಡೆಯಿತು. ಬ್ಯಾಂಕ್ ಆಫ್ ಅಮೆರಿಕದ ಕ್ರೆಡಿಟ್ ಕಾರ್ಡನ್ನು ಹಂಚಲು ಲೈಸೆನ್ಸ್ ಪಡೆದಿದ್ದ ಬ್ಯಾಂಕುಗಳೆಲ್ಲ ಅಲ್ಲಿ ಸೇರಿದ್ದವು. ಸಭೆ ಅನ್ನೋದಕ್ಕಿಂತ ಪಂಚಾಯಿತಿ ಅನ್ನಬಹುದು. ಎಲ್ಲರ ಬಾಯಲ್ಲೂ ದೂರು.

ಆಗ ಕಾರ್ಡ್ ವ್ಯವಹಾರ ಪೂರ್ತಿ ಕಾಗದದ ಮೇಲೆ ನಡೀತಿತ್ತು. ಗಿರಾಕಿ ಸಹಿ ಹಾಕಿದ ಚೀಟಿಯನ್ನು ಅಂಗಡಿಯವರು ತಮ್ಮ ಬ್ಯಾಂಕಿಗೆ ಕೊಡಬೇಕು. ಆ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿನಿಂದ ಹಣ ತರಿಸಿಕೊಳ್ಳಬೇಕು, ಚೀಟಿಯನ್ನು ಅವರಿಗೆ ಕಳಿಸಬೇಕು. ತಮಾಷೆ ಏನಂದ್ರೆ, ಹಣ ಬೇಗ ಬರುತ್ತಿತ್ತು, ಚೀಟಿ ನಿಧಾನವಾಗಿ ಹೋಗುತ್ತಿತ್ತು. ಹಣ ಕೈಸೇರಿದ ಮೇಲೆ ಚೀಟಿ ವಿಂಗಡಿಸಿ ಕಳಿಸೋ ಅವಸರ ಯಾರಿಗಿದೆ? ಅದಕ್ಕೆ ಗುಮಾಸ್ತರು ಬೇಕು, ಖರ್ಚು ಬೇರೆ. ಬ್ಯಾಂಕುಗಳ ಹಿಂದಿನ ಕೋಣೆಗಳಲ್ಲಿ ಚೀಟಿಗಳ ರಾಶಿ ಬೆಳೆಯಿತು. ಆ ಕಡೆ ಕಾರ್ಡ್ ಕೊಟ್ಟ ಬ್ಯಾಂಕು ಚೀಟಿ ಇಲ್ಲದೆ ಗಿರಾಕಿಗೆ ಬಿಲ್ ಕಳಿಸೋಕಾಗದೆ ಒದ್ದಾಡುತ್ತಿತ್ತು. ಆದರೆ ಅದೇ ಬ್ಯಾಂಕಿನ ಹಿಂದಿನ ಕೋಣೆಯಲ್ಲೂ ಬೇರೆಯವರ ಚೀಟಿಗಳು ಕೊಳೀತಾ ಇದ್ದವು.

ಇಲ್ಲಿ ಯಾರೂ ದಡ್ಡರಲ್ಲ, ಮೋಸಗಾರರೂ ಅಲ್ಲ. ಪ್ರತಿ ಬ್ಯಾಂಕೂ ತನಗೆ ಅಗ್ಗವಾದದ್ದನ್ನು ಮಾಡಿತು. ಕೆಲಸದ ಖರ್ಚು ಒಬ್ಬರದು, ಅದರ ಲಾಭ ಇನ್ನೊಬ್ಬರದು ಆದಾಗ ಕೆಲಸ ಹೀಗೇ ಬಿದ್ದಿರುತ್ತದೆ. ಪೇಮೆಂಟ್ ಜಾಲಗಳ ಅರ್ಥಶಾಸ್ತ್ರದಲ್ಲಿ ಮುಖ್ಯವಾದ ಗಂಟು ಇದೇ. ಕಾಗದ ಹೋಗಿ ಸರ್ವರ್ ಬಂದರೂ ಅದು ಸಡಿಲವಾಗಿಲ್ಲ.

ಪೇಮೆಂಟ್ ಅಂದ ಕೂಡಲೇ ನಮ್ಮ ಚರ್ಚೆ ಶುಲ್ಕಕ್ಕೆ ಹೋಗುತ್ತದೆ. ಅಂಗಡಿಯವರಿಂದ ಎಷ್ಟು ಕೀಳ್ತಾರೆ, ಉಚಿತ ಇರಬೇಕಾ ಬೇಡವಾ, ಇಷ್ಟೇ. ಅದು ಮುಖ್ಯವಲ್ಲ ಅಂತಲ್ಲ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಜಾಲದಲ್ಲಿರುವ ಸೋಮಾರಿ ಸದಸ್ಯನ ಕೈಲಿ ದುಡ್ಡು ಖರ್ಚು ಮಾಡಿಸುವ ಅಧಿಕಾರ ಯಾರಿಗಿದೆ? ಶುಲ್ಕ ಎಷ್ಟಿದ್ದರೂ ಈ ಅಧಿಕಾರ ಯಾರ ಕೈಲೂ ಇಲ್ಲದಿದ್ದರೆ ಜಾಲ ಮುಗ್ಗರಿಸುತ್ತದೆ.

ಕೊಲಂಬಸ್‌ನ ಗಲಾಟೆಯಿಂದ ಹೊರಬಂದ ಉತ್ತರ ಆಡಳಿತದ್ದು. ಸಿಯಾಟಲ್‌ನ ಒಂದು ಬ್ಯಾಂಕಿನಲ್ಲಿದ್ದ ಡೀ ಹಾಕ್ ಎಂಬಾತ ಮುಂದಾಳಾಗಿ ನಿಂತು, ಬ್ಯಾಂಕ್ ಆಫ್ ಅಮೆರಿಕ ತನ್ನ ಹಿಡಿತ ಬಿಡುವಂತೆ ಒಪ್ಪಿಸಿದರು. 1970ರಲ್ಲಿ ಸದಸ್ಯ ಬ್ಯಾಂಕುಗಳೇ ಒಡೆಯರಾದ ಸಂಸ್ಥೆ ಹುಟ್ಟಿತು. ಯಾರು ಜಾಸ್ತಿ ವಹಿವಾಟು ತರುತ್ತಾರೋ ಅವರಿಗೆ ಜಾಸ್ತಿ ಓಟು. ನಿಯಮ ಮಾತ್ರ ಎಲ್ಲರಿಗೂ ಒಂದೇ, ಪಾಲಿಸದಿದ್ದರೆ ದಂಡ. 1973ರಲ್ಲಿ ಕಂಪ್ಯೂಟರ್ ಮೂಲಕ ಕಾರ್ಡ್ ಪರಿಶೀಲಿಸುವ ವ್ಯವಸ್ಥೆ ಬಂತು. 1976ರಲ್ಲಿ ಆ ಜಾಲಕ್ಕೆ ವೀಸಾ ಅಂತ ಹೆಸರಾಯಿತು. ಕಂಪ್ಯೂಟರಿಗಿಂತ ಮುಂಚೆ ಸಂವಿಧಾನ ಬಂತು ಅನ್ನೋದನ್ನು ಗಮನಿಸಿ. ಒಟ್ಟಿಗೆ ಖರ್ಚು ಮಾಡುವ ಒಪ್ಪಂದ ಇಲ್ಲದೆ ಯಾವ ಬ್ಯಾಂಕೂ ಆ ಯಂತ್ರಕ್ಕೆ ಬಿಡಿಗಾಸು ಹಾಕುತ್ತಿರಲಿಲ್ಲ.

ಶುಲ್ಕದ ಕಥೆ

ಈಗ ಶುಲ್ಕಕ್ಕೆ ಬರೋಣ. ಕಾರ್ಡ್ ಜಾಲದಲ್ಲಿ ನಾಲ್ಕು ಜನ ಇರುತ್ತಾರೆ: ಕಾರ್ಡ್ ಇಟ್ಟುಕೊಂಡವರು, ಅವರಿಗೆ ಕಾರ್ಡ್ ಕೊಟ್ಟ ಬ್ಯಾಂಕು, ಅಂಗಡಿಯವರು, ಅಂಗಡಿಯವರ ಬ್ಯಾಂಕು. ಮಧ್ಯೆ ಜಾಲ. ಪ್ರತಿ ಸಲ ಕಾರ್ಡ್ ತೋರಿಸಿದಾಗ ಅಂಗಡಿಯವರ ಬ್ಯಾಂಕು ಕಾರ್ಡ್ ಕೊಟ್ಟ ಬ್ಯಾಂಕಿಗೆ ಒಂದು ಪಾಲು ಬಿಟ್ಟುಕೊಡುತ್ತದೆ. ಇದಕ್ಕೆ ಇಂಟರ್‌ಚೇಂಜ್ ಅಂತ ಹೆಸರು. ಕೊನೆಗೆ ಅದು ಅಂಗಡಿಯವರ ತಲೆಗೆ ಬರುತ್ತದೆ, ಅಲ್ಲಿಂದ ಸಾಮಾನಿನ ಬೆಲೆಗೆ ಸೇರುತ್ತದೆ.

ಇದನ್ನು ಸುಮ್ನೆ ಸುಲಿಗೆ ಅನ್ನೋಕಾಗಲ್ಲ. ಕಾರ್ಡಿನ ಲಾಭ ಅಂಗಡಿಯವರಿಗೂ ಇದೆ, ಆದರೆ ಕಾರ್ಡ್ ಅಚ್ಚು ಹಾಕಿಸಿ, ಸಾಲದ ಅಪಾಯ ಹೊತ್ತು, ವಂಚನೆ ಹಿಡಿಯುವ ತಂತ್ರಾಂಶಕ್ಕೆ ದುಡ್ಡು ಸುರಿಯೋದು ಕಾರ್ಡ್ ಕೊಟ್ಟ ಬ್ಯಾಂಕು. ಲಾಭ ಪಡೆಯುವವರ ಕಡೆಯಿಂದ ಖರ್ಚು ಮಾಡುವವರ ಕಡೆಗೆ ಹಣ ಹರಿಸೋಕೆ ಒಂದು ದಾರಿ ಬೇಕು. 1983ರಲ್ಲಿ ಅಮೆರಿಕದ ಕಾನೂನು ತಜ್ಞ ವಿಲಿಯಂ ಬ್ಯಾಕ್ಸ್‌ಟರ್ ಈ ವಾದವನ್ನು ಮೊದಲಿಗೆ ಬಿಡಿಸಿಟ್ಟರು. ಮುಂದೆ ಫ್ರಾನ್ಸಿನ ಜಾನ್ ಶಾರ್ಲ್ ರೋಶೆ ಮತ್ತು ಜಾನ್ ತಿರೋಲ್ ಇದನ್ನೇ ಎರಡು ಬದಿಯ ಮಾರುಕಟ್ಟೆಯ (ಇಲ್ಲಿ ಗಿರಾಕಿ ಒಂದು ಬದಿ, ಅಂಗಡಿ ಇನ್ನೊಂದು ಬದಿ) ಸಿದ್ಧಾಂತವಾಗಿ ಬೆಳೆಸಿದರು. ತಿರೋಲ್‌ಗೆ 2014ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ತೊಂದರೆ ಶುರುವಾಗೋದು ಆ ದಾರಿ ಒಮ್ಮೆ ತೆರೆದ ಮೇಲೆ. ಮಾಮೂಲಿ ವ್ಯಾಪಾರದಲ್ಲಿ ಪೈಪೋಟಿ ಬಂದರೆ ಬೆಲೆ ಇಳಿಯುತ್ತದೆ. ಇಲ್ಲಿ ಉಲ್ಟಾ. ಎರಡು ಜಾಲಗಳು ಪೈಪೋಟಿಗೆ ಬಿದ್ದರೆ ಅವು ಓಲೈಸೋದು ಕಾರ್ಡ್ ಕೊಡುವ ಬ್ಯಾಂಕುಗಳನ್ನು, ಯಾಕಂದ್ರೆ ಯಾವ ಜಾಲದ ಕಾರ್ಡ್ ಹಂಚಬೇಕು ಅಂತ ತೀರ್ಮಾನ ಮಾಡೋರು ಅವರೇ. ನಮ್ಮ ಜಾಲಕ್ಕೆ ಬಂದರೆ ಇಂಟರ್‌ಚೇಂಜ್ ಇನ್ನೂ ಜಾಸ್ತಿ ಕೊಡಿಸ್ತೀವಿ ಅಂತ ಆಸೆ ಹುಟ್ಟಿಸುತ್ತಾರೆ. ಬ್ಯಾಂಕು ಅದರಲ್ಲಿ ಒಂದು ಭಾಗವನ್ನು ರಿವಾರ್ಡ್ ಪಾಯಿಂಟ್ ಮಾಡಿ ಗಿರಾಕಿಗೆ ಹಂಚುತ್ತದೆ. ಗಿರಾಕಿಗೆ ಖುಷಿ, ಬ್ಯಾಂಕಿಗೆ ಖುಷಿ. ದುಡ್ಡು ಅಂಗಡಿಯವರದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಅದಕ್ಕೇ ಸರ್ಕಾರಗಳು ನಡುವೆ ಬಂದವು. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕು 2003ರಲ್ಲಿ ಇಂಟರ್‌ಚೇಂಜ್‌ಗೆ ಕಡಿವಾಣ ಹಾಕಿತು. ಅಮೆರಿಕದಲ್ಲಿ 2011ರಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಒಂದು ವಹಿವಾಟಿಗೆ 21 ಸೆಂಟ್ ಮತ್ತು ಮೊತ್ತದ 0.05% ಮಿತಿ ಬಂತು. ಯುರೋಪಿಯನ್ ಒಕ್ಕೂಟ 2015ರಲ್ಲಿ ಡೆಬಿಟ್‌ಗೆ 0.2%, ಕ್ರೆಡಿಟ್‌ಗೆ 0.3% ಅಂತ ಕಟ್ಟು ಹಾಕಿತು. ಈ ಮಿತಿಗಳು ಸರಿ ಅಂತಲೇ ನನಗನಿಸುತ್ತದೆ. ಆದರೆ ಶುಲ್ಕ ಕಡಿಮೆಯಾದ ಮಾತ್ರಕ್ಕೆ ಯಾರು ಹೂಡಿಕೆ ಮಾಡಬೇಕು ಅನ್ನೋದು ಬಗೆಹರಿಯಲ್ಲ. ಅದು ಬೇರೆಯದೇ ಲೆಕ್ಕ.

ಒಬ್ಬ ಸೋತರೆ ಎಲ್ಲರೂ ಸೋತಂತೆ

2016ರ ಫೆಬ್ರವರಿಯಲ್ಲಿ ಕಳ್ಳರು ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರಿಗೆ ನುಗ್ಗಿ, ಅಲ್ಲಿಂದ ಸ್ವಿಫ್ಟ್ (ಹಣ ಕಳಿಸುವ ಆದೇಶಗಳನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಮುಟ್ಟಿಸುವ ಜಾಲ) ಮೂಲಕ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ ನಕಲಿ ಆದೇಶಗಳನ್ನು ಕಳಿಸಿದರು. ಸುಮಾರು 100 ಕೋಟಿ ಡಾಲರ್‌ಗೆ ಗುರಿ ಇಟ್ಟಿದ್ದರು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್‌ಗೆ ಹೋಗಿ ಅಲ್ಲಿನ ಕ್ಯಾಸಿನೋಗಳಲ್ಲಿ ಕರಗಿತು. ಸ್ವಿಫ್ಟ್‌ನ ಮುಖ್ಯ ವ್ಯವಸ್ಥೆಗೆ ಏನೂ ಆಗಿರಲಿಲ್ಲ. ಬಾಗಿಲು ತೆರೆದಿದ್ದು ಒಬ್ಬ ಸದಸ್ಯರ ಮನೆಯಲ್ಲಿ.

ಸ್ವಿಫ್ಟ್ ಅಂದ್ರೆ 1973ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ. ಶುರುವಿನಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಕಟ್ಟಿದ್ದು. ಅದರ ಷೇರು ಹಂಚಿಕೆ ಜಾಣತನದ್ದು. ಯಾವ ಸದಸ್ಯ ಎಷ್ಟು ಬಳಸುತ್ತಾನೆ ಅಂತ ನೋಡಿ ಮೂರು ವರ್ಷಕ್ಕೊಮ್ಮೆ ಷೇರುಗಳನ್ನು ಮರುಹಂಚಿಕೆ ಮಾಡುತ್ತಾರೆ. ಬೋರ್ಡಿನ ಕುರ್ಚಿಯೂ ಹಾಗೇ ಹೋಗುತ್ತದೆ. ಜಾಸ್ತಿ ಬಳಸುವವರಿಗೆ ಜಾಸ್ತಿ ಮಾತು. ನೋಡೋಕೆ ನ್ಯಾಯವಾಗಿದೆ. ಆದರೆ ಕಡಿಮೆ ಬಳಸುವ ಸದಸ್ಯನೂ ಇಡೀ ಜಾಲದ ಮಾನ ಕಳೆಯಬಲ್ಲ, ಅಲ್ವಾ? ಅವನ ಕೈಲಿ ಭದ್ರತೆಗೆ ಖರ್ಚು ಮಾಡಿಸೋದು ಹೇಗೆ?

ಅರ್ಥಶಾಸ್ತ್ರದಲ್ಲಿ ಇದನ್ನು ದುರ್ಬಲ ಕೊಂಡಿಯ ಸಮಸ್ಯೆ ಅಂತ ಕರೆಯುತ್ತಾರೆ. ಜಾಲದ ಭದ್ರತೆಯ ಮಟ್ಟ ಅಂದ್ರೆ ಸದಸ್ಯರ ಸರಾಸರಿ ಅಲ್ಲ, ಅತಿ ಕಳಪೆ ಸದಸ್ಯನ ಮಟ್ಟ. ದೊಡ್ಡ ಬ್ಯಾಂಕು ಎಷ್ಟೇ ಸುರಿದರೂ ಸಣ್ಣವನ ಬಾಗಿಲು ಮುಚ್ಚಲ್ಲ. ಇದು ಗೊತ್ತಾದ ಮೇಲೆ ದೊಡ್ಡವನಿಗೂ ಹುರುಪು ಕಡಿಮೆಯಾಗುತ್ತದೆ.

ಸ್ವಿಫ್ಟ್ ಮಾಡಿದ್ದನ್ನು ನಾನು ಮೆಚ್ಚುತ್ತೇನೆ. ಸದಸ್ಯರು ಕಡ್ಡಾಯವಾಗಿ ಪಾಲಿಸಬೇಕಾದ ಭದ್ರತಾ ನಿಯಮಗಳ ಪಟ್ಟಿ ಮಾಡಿತು. ಪ್ರತಿ ಸದಸ್ಯನೂ ಇವನ್ನು ಪಾಲಿಸಿದ್ದೇನೆ ಅಂತ ವರ್ಷಕ್ಕೊಮ್ಮೆ ಘೋಷಣೆ ಕೊಡಬೇಕು. ಕೊಡದಿದ್ದರೆ ಆ ದೇಶದ ನಿಯಂತ್ರಕರಿಗೆ ವರದಿ ಹೋಗುತ್ತದೆ. ಇದರ ಜೊತೆಗೆ, ತನ್ನ ಜೊತೆ ವ್ಯವಹಾರ ಮಾಡುವ ಬ್ಯಾಂಕಿನ ಘೋಷಣೆಯನ್ನು ಇನ್ನೊಂದು ಬ್ಯಾಂಕು ಕೇಳಿ ನೋಡುವ ವ್ಯವಸ್ಥೆಯನ್ನೂ ಮಾಡಿತು. ನಿಮ್ಮ ಮನೆ ಬೀಗ ಸರಿ ಇಲ್ಲ ಅಂತ ಎದುರು ಬ್ಯಾಂಕಿಗೆ ಗೊತ್ತಾದರೆ ನಿಮ್ಮ ವ್ಯಾಪಾರಕ್ಕೇ ಬಿಸಿ ತಟ್ಟುತ್ತದೆ. ಸದಸ್ಯರೇ ಒಡೆಯರಾದ ಸಂಸ್ಥೆ ತನ್ನ ಒಡೆಯರಿಗೆ ದಂಡ ಹಾಕೋದು ಕಷ್ಟ. ಅವರ ಮುಖ ಒಬ್ಬರಿಗೊಬ್ಬರು ನೋಡೋ ಹಾಗೆ ಮಾಡೋದು ಸುಲಭ.

ಕಾರ್ಡ್ ಜಾಲಗಳು ಇದೇ ಕೆಲಸವನ್ನು ಇನ್ನೂ ಒರಟಾಗಿ ಮಾಡಿದವು. ಚಿಪ್ ಇರುವ ಕಾರ್ಡಿನ ಕಥೆ ನೋಡಿ. ಅದರ ನಕಲು ಮಾಡೋದು ಬಹಳ ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಬ್ರಿಟನ್ 2006ರ ಹೊತ್ತಿಗೇ ಚಿಪ್ ಮತ್ತು ಪಿನ್‌ಗೆ ಬದಲಾಗಿತ್ತು. ಅಮೆರಿಕ ಮಾತ್ರ ಮೀನಮೇಷ ಎಣಿಸುತ್ತಾ ಕೂತಿತ್ತು. ಯಾಕೆ? ಚಿಪ್ ಕಾರ್ಡಿನ ಖರ್ಚು ಬ್ಯಾಂಕಿನದು, ಹೊಸ ಯಂತ್ರದ ಖರ್ಚು ಅಂಗಡಿಯವರದು. ಎರಡೂ ಇದ್ದರೆ ಮಾತ್ರ ಉಪಯೋಗ. ಯಂತ್ರ ಇಲ್ಲದೆ ಕಾರ್ಡ್ ಯಾಕೆ ಅಂತ ಇವರು, ಕಾರ್ಡ್ ಇಲ್ಲದೆ ಯಂತ್ರ ಯಾಕೆ ಅಂತ ಅವರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರೂ ಇರಲಿಲ್ಲ. 2013ರ ಕೊನೆಯಲ್ಲಿ ಅಲ್ಲಿನ ಟಾರ್ಗೆಟ್ ಅಂಗಡಿ ಸರಣಿಯಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದಾಗ ಒತ್ತಡ ಹೆಚ್ಚಿತು.

ಜಾಲಗಳು ಆಗಲೇ ಒಂದು ಗಡುವು ಹಾಕಿಟ್ಟಿದ್ದವು: 2015ರ ಅಕ್ಟೋಬರ್ 1. ಅವತ್ತಿನಿಂದ ನಕಲಿ ಕಾರ್ಡಿನ ನಷ್ಟ ಚಿಪ್‌ಗೆ ಬದಲಾಗದೆ ಕೂತವರ ತಲೆಗೆ. ಬ್ಯಾಂಕು ಚಿಪ್ ಕೊಟ್ಟು ಅಂಗಡಿಯವರು ಯಂತ್ರ ಹಾಕದಿದ್ದರೆ ಅಂಗಡಿಯವರು ಕಟ್ಟಬೇಕು. ಯಂತ್ರ ಇದ್ದೂ ಬ್ಯಾಂಕು ಹಳೇ ಕಾರ್ಡನ್ನೇ ಕೊಟ್ಟಿದ್ದರೆ ಬ್ಯಾಂಕು ಕಟ್ಟಬೇಕು. ಯಾರಿಗೂ ಸಬ್ಸಿಡಿ ಇಲ್ಲ. ಕಡ್ಡಾಯ ಅಂತಲೂ ಹೇಳಲಿಲ್ಲ. ಹಿಂದುಳಿದವನ ಕೈಗೆ ಬಿಲ್ ಕೊಟ್ಟರು, ಅಷ್ಟೇ. ಅಮೆರಿಕದ ಅಂಗಡಿಗಳಲ್ಲಿ ಯಂತ್ರಗಳು ಬದಲಾಗತೊಡಗಿದವು. ಪೆಟ್ರೋಲ್ ಬಂಕ್‌ಗಳಲ್ಲಿ ಮಾತ್ರ ಪಂಪಿನ ಒಳಗಿನ ಯಂತ್ರ ಬದಲಿಸೋದು ದುಬಾರಿ ಅಂತ ಗಡುವು 2017ಕ್ಕಿತ್ತು, 2020ಕ್ಕೆ ಹೋಯಿತು, ಕೊನೆಗೆ 2021ರ ಏಪ್ರಿಲ್‌ಗೆ ಬಂದು ನಿಂತಿತು. ನಿಯಮ ಮಾಡೋರಿಗೂ ಗಿರಾಕಿಗಳ ಮುಲಾಜು ಇರುತ್ತದೆ.

ಒಡೆಯ ಬದಲಾದರೆ

ಹಾಗಾದರೆ ಜಾಲದ ಒಡೆಯ ಯಾರಿರಬೇಕು? ಇದಕ್ಕೆ ಲೋಕದಲ್ಲಿ ಸುಮಾರು ನಾಲ್ಕು ಉತ್ತರಗಳಿವೆ. ಒಂದೂ ಪೂರ್ತಿ ತೃಪ್ತಿ ಕೊಡಲ್ಲ.

ಒಬ್ಬನೇ ಒಡೆಯನಾದರೆ ಕೆಲಸ ಸಲೀಸು. ಕೀನ್ಯಾದ ಎಂ-ಪೆಸಾ 2007ರಲ್ಲಿ ಶುರುವಾಗಿದ್ದು ಸಫಾರಿಕಾಂ ಎಂಬ ಒಂದೇ ಮೊಬೈಲ್ ಕಂಪನಿಯಿಂದ. ಸಿಮ್ ಅದರದ್ದೇ, ಏಜೆಂಟರು ಅದರವರೇ, ಶುಲ್ಕವೂ ಅದರದ್ದೇ. ಯಾರ ಜೊತೆಗೂ ಚರ್ಚೆ ಬೇಕಿಲ್ಲ. ಅದಕ್ಕೇ ಅಷ್ಟು ವೇಗವಾಗಿ ಹಬ್ಬಿತು. ಆಮೇಲೆ ಏಜೆಂಟರು ಬೇರೆ ಕಂಪನಿಗೂ ಕೆಲಸ ಮಾಡಲಿ ಅಂತ ಹೇಳಿಸೋಕೆ 2014ರಲ್ಲಿ ಸ್ಪರ್ಧಾ ಪ್ರಾಧಿಕಾರವೇ ಬರಬೇಕಾಯಿತು. ಬೇರೆ ಕಂಪನಿಯ ಗಿರಾಕಿಗೆ ನೇರವಾಗಿ ಹಣ ಕಳಿಸುವ ಸೌಲಭ್ಯ ಬಂದಿದ್ದು 2018ರಲ್ಲಿ. ವೇಗಕ್ಕೆ ಕೊಟ್ಟ ಬೆಲೆ ಅದು.

ಸದಸ್ಯ ಬ್ಯಾಂಕುಗಳ ಒಡೆತನದಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಬೆಳೆದವು. ಆದರೆ ಪೈಪೋಟಿಯಲ್ಲಿರಬೇಕಾದ ಬ್ಯಾಂಕುಗಳೇ ಒಂದು ಮೇಜಿನ ಸುತ್ತ ಕೂತು ಇಂಟರ್‌ಚೇಂಜ್ ನಿಗದಿ ಮಾಡಿದರೆ ಅದನ್ನು ಬೆಲೆ ಕಟ್ಟುವ ಒಳಕೂಟ ಅನ್ನದೆ ಇನ್ನೇನಂತಾರೆ? ಅಂಗಡಿ ಸರಣಿಗಳು 1996ರಲ್ಲಿ ಹೂಡಿದ ಮೊಕದ್ದಮೆ 2003ರಲ್ಲಿ ಸುಮಾರು 300 ಕೋಟಿ ಡಾಲರ್‌ಗೆ ರಾಜಿಯಾಯಿತು. ಮತ್ತೆ ಹೊಸ ಮೊಕದ್ದಮೆಗಳು ಬಂದವು. ಬ್ಯಾಂಕುಗಳು ಮೆಲ್ಲಗೆ ಮೇಜಿನಿಂದ ಎದ್ದವು. ಮಾಸ್ಟರ್‌ಕಾರ್ಡ್ 2006ರ ಮೇನಲ್ಲಿ ಷೇರುಪೇಟೆಗೆ ಬಂತು. ವೀಸಾ 2008ರ ಮಾರ್ಚ್‌ನಲ್ಲಿ ಬಂತು, ಸುಮಾರು 1,800 ಕೋಟಿ ಡಾಲರ್ ಎತ್ತಿತು. ಹಣಕಾಸು ಬಿಕ್ಕಟ್ಟಿನ ನಟ್ಟನಡುವೆ ಅದು ಅಮೆರಿಕದಲ್ಲಿ ಅಲ್ಲಿವರೆಗಿನ ಅತಿ ದೊಡ್ಡ ಷೇರು ಬಿಡುಗಡೆ.

ವೀಸಾದ ಷೇರು ರಚನೆಯಲ್ಲಿ ಒಂದು ಕುಸುರಿ ಕೆಲಸ ಇದೆ. ಎತ್ತಿದ ಹಣದಲ್ಲಿ 300 ಕೋಟಿ ಡಾಲರನ್ನು ಹಳೇ ಮೊಕದ್ದಮೆಗಳಿಗಾಗಿ ಪ್ರತ್ಯೇಕ ಖಾತೆಯಲ್ಲಿಟ್ಟರು. ಹಳೇ ಒಡೆಯರಾದ ಅಮೆರಿಕದ ಬ್ಯಾಂಕುಗಳಿಗೆ ಬಿ ದರ್ಜೆಯ ಷೇರು ಕೊಟ್ಟರು. ಆ ಖಾತೆಗೆ ಮತ್ತೆ ಹಣ ತುಂಬಬೇಕಾದಾಗಲೆಲ್ಲ ಬಿ ಷೇರು ಪೇಟೆಯಲ್ಲಿ ಮಾರಾಟವಾಗುವ ಎಷ್ಟು ಎ ಷೇರಿಗೆ ಸಮ ಅನ್ನೋ ಲೆಕ್ಕ ಕೆಳಗೆ ಇಳಿಯುತ್ತದೆ. ಅಂದ್ರೆ ಹಳೇ ಪಾಪದ ಬಿಲ್ ಹಳೇ ಒಡೆಯರಿಗೆ, ಹೊಸ ಷೇರುದಾರರಿಗೆ ಅದರ ಸೋಂಕಿಲ್ಲ. ವಕೀಲರು ಸಂಬಳಕ್ಕೆ ತಕ್ಕ ಕೆಲಸ ಮಾಡಿದ್ದಾರೆ ಅನ್ನಬೇಕು.

ಷೇರುದಾರರ ಒಡೆತನ ಮೂರನೇ ಉತ್ತರ. ಷೇರುಪೇಟೆಗೆ ಬಂದ ಮೇಲೆ ಹೂಡಿಕೆಯ ಬಿಕ್ಕಟ್ಟು ಮುಗಿಯಿತು. ಸದಸ್ಯರ ಮುಂದೆ ಕೈಚಾಚಬೇಕಿಲ್ಲ, ತೀರ್ಮಾನಕ್ಕೆ ಓಟು ಬೇಕಿಲ್ಲ. ಲಾಭದಿಂದಲೇ ಹೊಸ ತಂತ್ರಜ್ಞಾನ ಕೊಳ್ಳಬಹುದು, ಬೇರೆ ಕಂಪನಿಗಳನ್ನೂ ಕೊಳ್ಳಬಹುದು. ಬ್ರಿಟನ್ನಿನ ಬ್ಯಾಂಕುಗಳು ಜಂಟಿಯಾಗಿ ನಡೆಸುತ್ತಿದ್ದ ವೋಕಾಲಿಂಕ್ ಎಂಬ ಪಾವತಿ ಸಂಸ್ಥೆ ಮಾಸ್ಟರ್‌ಕಾರ್ಡ್ ಪಾಲಾಗಿದ್ದು 2017ರಲ್ಲಿ. ಬ್ಯಾಂಕುಗಳ ಕೈಲೇ ಉಳಿದಿದ್ದ ವೀಸಾ ಯುರೋಪನ್ನು ವೀಸಾ 2016ರಲ್ಲಿ ಕೊಂಡಿತು. ಇನ್ನೊಂದು ಕಡೆ, ವೀಸಾದ ಆದಾಯದಲ್ಲಿ 60%ಗಿಂತ ಜಾಸ್ತಿ ಕಾರ್ಯಾಚರಣೆಯ ಲಾಭವಾಗಿ ಉಳಿಯುತ್ತದೆ. ಜಾಲಕ್ಕೆ ಹೂಡಿಕೆ ಬೇಕು, ಅದಕ್ಕೇ ಶುಲ್ಕ ಅನ್ನೋ ವಾದವನ್ನು ಈ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ. ಮೊದಲು ಬ್ಯಾಂಕುಗಳು ಕೂತು ದರ ಹಾಕುತ್ತಿದ್ದವು, ಈಗ ಷೇರುದಾರರಿಗೆ ಉತ್ತರ ಕೊಡಬೇಕಾದ ಕಂಪನಿ ಹಾಕುತ್ತದೆ. ಅಂಗಡಿಯವರಿಗೆ ಆಗಲೂ ಕುರ್ಚಿ ಇರಲಿಲ್ಲ, ಈಗಲೂ ಇಲ್ಲ.

ಶುಲ್ಕವೇ ಬೇಡ ಅಂದಾಗ

ಭಾರತದ ಯುಪಿಐ ಇದಕ್ಕೆ ತದ್ವಿರುದ್ಧ. ಅದನ್ನು ನಡೆಸುವ ಎನ್‌ಪಿಸಿಐ ಬ್ಯಾಂಕುಗಳ ಒಡೆತನದ, ಲಾಭಕ್ಕಾಗಿ ಅಲ್ಲದ ಸಂಸ್ಥೆ. ಯುಪಿಐ ಶುರುವಾಗಿದ್ದು 2016ರಲ್ಲಿ. 2020ರ ಜನವರಿ 1ರಿಂದ ಅಂಗಡಿಯವರ ಮೇಲಿನ ಶುಲ್ಕ, ಅಂದ್ರೆ ಎಂಡಿಆರ್, ಸೊನ್ನೆ. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳ ವಹಿವಾಟು 2,000 ಕೋಟಿ ಸಂಖ್ಯೆ ದಾಟಿತು. ಜಗತ್ತೇ ಹುಬ್ಬೇರಿಸಿದ ಬೆಳವಣಿಗೆ.

ಇದರಲ್ಲಿ ಒಂದು ಪಾವತಿ ಹೇಗೆ ಸಾಗುತ್ತದೆ ನೋಡಿ. ಆ್ಯಪ್‌ನಲ್ಲಿ ಪಿನ್ ಒತ್ತಿದಿರಿ. ಆ್ಯಪ್‌ನ ಹಿಂದಿರುವ ಬ್ಯಾಂಕು ಎನ್‌ಪಿಸಿಐ ಸ್ವಿಚ್‌ಗೆ, ಅಂದ್ರೆ ಬ್ಯಾಂಕುಗಳ ನಡುವೆ ಸಂದೇಶ ದಾಟಿಸುವ ಕೇಂದ್ರ ವ್ಯವಸ್ಥೆಗೆ, ಸಂದೇಶ ಕಳಿಸುತ್ತದೆ. ಸ್ವಿಚ್ ನಿಮ್ಮ ಖಾತೆ ಇರುವ ಬ್ಯಾಂಕಿಗೆ ಹಣ ಕಡಿ ಅನ್ನುತ್ತದೆ, ಎದುರಿನವರ ಬ್ಯಾಂಕಿಗೆ ಹಣ ಸೇರಿಸು ಅನ್ನುತ್ತದೆ. ಎದುರಿನ ಬ್ಯಾಂಕಿನ ಸರ್ವರ್ ಆ ಗಳಿಗೆಯಲ್ಲಿ ಉಸಿರು ಕಟ್ಟಿ ಕೂತಿದ್ದರೆ ನಿಮ್ಮ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ನೀವು ಬೈಯೋದು ಆ್ಯಪನ್ನು. ಸೋತ ಬ್ಯಾಂಕಿನ ಹೆಸರೂ ನಿಮಗೆ ಗೊತ್ತಾಗಲ್ಲ. ಸರ್ವರ್ ದೊಡ್ಡದು ಮಾಡಿದರೆ ಆ ಬ್ಯಾಂಕಿಗೆ ಖರ್ಚು ಗ್ಯಾರಂಟಿ, ಆದಾಯ ಸೊನ್ನೆ. ಹಿಂದಿನ ಕೋಣೆಯ ಚೀಟಿಗಳೇ ಇವು, ರೂಪ ಬೇರೆ.

ಸರ್ಕಾರ ಈ ಖಾಲಿ ಜಾಗ ತುಂಬೋಕೆ ಪ್ರೋತ್ಸಾಹಧನ ಕೊಡುತ್ತದೆ. 2024-25ಕ್ಕೆ ಮಂಜೂರಾದ ಯೋಜನೆಯಲ್ಲಿ ಸಣ್ಣ ಅಂಗಡಿಗಳ 2,000 ರೂಪಾಯಿವರೆಗಿನ ಪಾವತಿಗೆ 0.15%. ಇದರ ಒಳಗೆ ಒಂದು ಒಳ್ಳೆಯ ಷರತ್ತಿದೆ. ಹಣದ 80% ನೇರವಾಗಿ ಸಿಗುತ್ತದೆ. ಉಳಿದದ್ದರಲ್ಲಿ 10% ಸಿಗಬೇಕಾದರೆ ಬ್ಯಾಂಕಿನ ತಾಂತ್ರಿಕ ವೈಫಲ್ಯ 0.75%ಗಿಂತ ಕಡಿಮೆ ಇರಬೇಕು. ಇನ್ನು 10%ಗೆ ವ್ಯವಸ್ಥೆ 99.5%ಗಿಂತ ಜಾಸ್ತಿ ಹೊತ್ತು ಚಾಲ್ತಿಯಲ್ಲಿರಬೇಕು. ಹೂಡಿಕೆಯ ಪ್ರಶ್ನೆಯನ್ನು ನೇರವಾಗಿ ಮುಟ್ಟುವ ಷರತ್ತು ಇದು. ಆದರೆ ಮೊತ್ತ ನೋಡಿ. 2023-24ರ ಪ್ರೋತ್ಸಾಹಧನ 3,600 ಕೋಟಿ ರೂಪಾಯಿ ದಾಟಿತ್ತು. ಮರುವರ್ಷದ ಯೋಜನೆಗೆ ಸುಮಾರು 1,500 ಕೋಟಿ. ವಹಿವಾಟು ಏರಿತು, ಅನುದಾನ ಇಳಿಯಿತು. ಬಜೆಟ್ಟಿನ ಒಂದು ಸಾಲನ್ನು ನಂಬಿ ಐದು ವರ್ಷದ ಸರ್ವರ್ ಯೋಜನೆ ಯಾವ ಬ್ಯಾಂಕು ಮಾಡುತ್ತದೆ?

ಉಚಿತಕ್ಕೆ ಇನ್ನೊಂದು ಮುಖವೂ ಇದೆ. 2025ರ ಏಪ್ರಿಲ್ 12ರಂದು ಯುಪಿಐ ಗಂಟೆಗಟ್ಟಲೆ ತಡವರಿಸಿತು. ಕೆಲವು ಬ್ಯಾಂಕುಗಳ ವ್ಯವಸ್ಥೆಗಳು ಆ ಪಾವತಿ ಏನಾಯ್ತು, ಏನಾಯ್ತು ಅಂತ ಸ್ವಿಚ್‌ಗೆ ಪದೇಪದೇ ಕೇಳಿ ಅದನ್ನು ಮುಳುಗಿಸಿದ್ದವು. ಪ್ರಶ್ನೆ ಕೇಳೋಕೆ ದುಡ್ಡು ಕೊಡಬೇಕಿರಲಿಲ್ಲ, ಹಾಗಾಗಿ ಕೇಳುತ್ತಲೇ ಇದ್ದವು. ಆಗಸ್ಟ್ 1ರಿಂದ ಎನ್‌ಪಿಸಿಐ ಇಂಥ ಕೋರಿಕೆಗಳಿಗೆ ಮಿತಿ ಹಾಕಿತು. ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಜಾಸ್ತಿ ಬ್ಯಾಲೆನ್ಸ್ ನೋಡೋ ಹಾಗಿಲ್ಲ ಅನ್ನೋದೂ ಅದರಲ್ಲೇ ಬಂತು. ಬೆಲೆ ಇಲ್ಲದ ಕಡೆ ರೇಷನ್ ಬರುತ್ತದೆ.

ಆ್ಯಪ್‌ಗಳ ಪಾಡು ಇನ್ನೂ ವಿಚಿತ್ರ. ಗಿರಾಕಿಯನ್ನು ತಂದವರು ಅವರು. ಫೋನ್‌ಪೇ ಮತ್ತು ಗೂಗಲ್ ಪೇ ಎರಡೇ ಸೇರಿ 80%ಗಿಂತ ಜಾಸ್ತಿ ವಹಿವಾಟು ಹೊತ್ತಿವೆ. ಜಾಲದ ಒಡೆತನ ಮಾತ್ರ ಬ್ಯಾಂಕುಗಳದ್ದು. ಯಾವ ಆ್ಯಪ್‌ನ ಪಾಲೂ 30% ದಾಟಬಾರದು ಅನ್ನೋ ನಿಯಮ 2020ರಲ್ಲಿ ಬಂತು. ಅದರ ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ 2026ರ ಕೊನೆಗೆ ಬಂದಿದೆ. ಆದಾಯವಿಲ್ಲದ ಜಾಗಕ್ಕೆ ಹೊಸ ಪೈಪೋಟಿಗಾರರು ಯಾಕೆ ಬರ್ತಾರೆ? ಅವರು ಬರದೆ ದೊಡ್ಡವರ ಪಾಲು ಹೇಗೆ ಇಳಿಯುತ್ತದೆ? ಶುಲ್ಕ ಸೊನ್ನೆ ಇಟ್ಟು ಪೈಪೋಟಿಯನ್ನೂ ಬಯಸೋದು ಒಂದಕ್ಕೊಂದು ಹೊಂದೋ ಮಾತಲ್ಲ. ದೊಡ್ಡ ಅಂಗಡಿಗಳಿಗೆ ಸಣ್ಣದೊಂದು ಶುಲ್ಕ ಇರಲಿ ಅನ್ನೋ ಬೇಡಿಕೆಯಲ್ಲಿ ಹುರುಳಿದೆ ಅಂತ ನನ್ನ ಅನಿಸಿಕೆ. ಆದರೆ ಆ ದುಡ್ಡು ಸರ್ವರ್ ಸರಿ ಇಟ್ಟುಕೊಂಡ ಬ್ಯಾಂಕಿಗೆ ಹೋಗಬೇಕು. ಎಲ್ಲರಿಗೂ ಸಮನಾಗಿ ಹಂಚಿದರೆ ಪ್ರಯೋಜನವಿಲ್ಲ.

ನಾಲ್ಕನೇ ಉತ್ತರ ಕೇಂದ್ರ ಬ್ಯಾಂಕೇ ಜಾಲ ನಡೆಸೋದು. ಬ್ರೆಜಿಲ್‌ನ ಕೇಂದ್ರ ಬ್ಯಾಂಕು 2020ರ ನವೆಂಬರ್‌ನಲ್ಲಿ ಪಿಕ್ಸ್ ಎಂಬ ತಕ್ಷಣದ ಪಾವತಿ ಜಾಲ ಶುರುಮಾಡಿದಾಗ 5 ಲಕ್ಷಕ್ಕಿಂತ ಹೆಚ್ಚು ಖಾತೆ ಇರುವ ಸಂಸ್ಥೆಗಳೆಲ್ಲ ಸೇರಲೇಬೇಕು ಅಂದಿತು. ಮೊದಲು ಯಾರು ಅನ್ನೋ ಪ್ರಶ್ನೆ ಒಂದೇ ಆದೇಶಕ್ಕೆ ಮುಗಿಯಿತು. ಅಮೆರಿಕದಲ್ಲಿ ಕಥೆ ಬೇರೆ. ದೊಡ್ಡ ಬ್ಯಾಂಕುಗಳ ಒಡೆತನದ ಕ್ಲಿಯರಿಂಗ್ ಹೌಸ್ ಎಂಬ ಸಂಸ್ಥೆ 2017ರಲ್ಲೇ ತಕ್ಷಣದ ಪಾವತಿ ಜಾಲ ಕಟ್ಟಿತ್ತು. ಸಣ್ಣ ಬ್ಯಾಂಕುಗಳಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಎದುರಾಳಿಯ ಮನೆ ಬಾವಿಯಿಂದ ನೀರು ಸೇದೋ ಹಾಗೆ ಅನಿಸಿರಬೇಕು. ಕೊನೆಗೆ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2023ರ ಜುಲೈನಲ್ಲಿ ಫೆಡ್‌ನೌ ಎಂಬ ತನ್ನದೇ ಜಾಲ ತಂದಿತು. ಒಂದೇ ಕೆಲಸಕ್ಕೆ ಎರಡು ಜಾಲ, ಎರಡು ಖರ್ಚು. ಬ್ರೆಜಿಲ್‌ನಲ್ಲಿ ಆಟಗಾರನೂ ಅಂಪೈರೂ ಒಬ್ಬನೇ. ಈವರೆಗೆ ಚೆನ್ನಾಗಿ ನಡೆದಿದೆ. ಆದರೆ ಅಂಪೈರ್ ತಪ್ಪು ಮಾಡಿದಾಗ ಔಟ್ ಕೊಡೋರು ಯಾರು?

ಆಸ್ಟ್ರೇಲಿಯಾದಲ್ಲಿ ಇನ್ನೊಂದು ತರಹದ ಪೇಚು ಬಂತು. ರಿಸರ್ವ್ ಬ್ಯಾಂಕ್ ಒತ್ತಾಯಿಸಿದ ಮೇಲೆ 13 ಸಂಸ್ಥೆಗಳು ಸೇರಿ ಹೊಸ ಪಾವತಿ ಜಾಲ ಕಟ್ಟಿದವು. ರಿಸರ್ವ್ ಬ್ಯಾಂಕ್ ಕೂಡ ಅದರಲ್ಲಿ ಷೇರುದಾರ. 2018ರ ಫೆಬ್ರವರಿಯಲ್ಲಿ ಅದು ಶುರುವಾಯಿತು. ಆದರೆ ಷೇರುದಾರ ಬ್ಯಾಂಕುಗಳಲ್ಲೇ ಕೆಲವು ತಮ್ಮ ಗಿರಾಕಿಗಳಿಗೆ ಸೌಲಭ್ಯ ಕೊಡೋಕೆ ತಡ ಮಾಡಿದವು, ರಿಸರ್ವ್ ಬ್ಯಾಂಕ್ 2019ರಲ್ಲಿ ಬಹಿರಂಗವಾಗಿ ಅಸಮಾಧಾನ ತೋರಿಸಿತು. ಅದೇ ಬ್ಯಾಂಕುಗಳು ಡೆಬಿಟ್ ಜಾಲ ಎಫ್ಟ್‌ಪಾಸ್‌ಗೂ ಬಿಲ್ ಪಾವತಿ ಜಾಲ ಬಿಪೇಗೂ ದುಡ್ಡು ಹಾಕಬೇಕಿತ್ತು. ಮೂರು ಸಂಸ್ಥೆಗಳು ಮೂರು ಯೋಜನೆ ಹಿಡಿದು ಅದೇ ಬ್ಯಾಂಕಿನ ಅದೇ ಐಟಿ ವಿಭಾಗದ ಬಾಗಿಲು ತಟ್ಟುತ್ತಿದ್ದವು. 2022ರಲ್ಲಿ ಮೂರನ್ನೂ ಒಂದು ಮಾಡಿದರು. ಜಾಲಗಳ ನಡುವಿನ ಪೈಪೋಟಿಯನ್ನು ಬಿಟ್ಟು ಹೂಡಿಕೆಯ ಸಮನ್ವಯವನ್ನು ಕೊಂಡರು ಅನ್ನಬಹುದು. ಸ್ಪರ್ಧಾ ಆಯೋಗ ಷರತ್ತುಗಳ ಜೊತೆ ಒಪ್ಪಿತು.

ಈಗ ಇದೇ ಪ್ರಶ್ನೆ ಗಡಿ ದಾಟಿದೆ. ಭಾರತ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್ ತಮ್ಮ ದೇಶದೊಳಗಿನ ತಕ್ಷಣದ ಪಾವತಿ ಜಾಲಗಳನ್ನು ಒಂದಕ್ಕೊಂದು ಜೋಡಿಸಲು ಹೊರಟಿವೆ. ಅದಕ್ಕಾಗಿ 2025ರಲ್ಲಿ ಸಿಂಗಪುರದಲ್ಲಿ ನೆಕ್ಸಸ್ ಗ್ಲೋಬಲ್ ಪೇಮೆಂಟ್ಸ್ ಅನ್ನೋ ಸಂಸ್ಥೆ ಹುಟ್ಟಿದೆ. ಪ್ರತಿ ದೇಶವೂ ಒಮ್ಮೆ ಮಾತ್ರ ನೆಕ್ಸಸ್‌ಗೆ ಕೂಡಿಕೊಂಡರೆ ಸಾಕು, ಉಳಿದವರೆಲ್ಲ ಸಿಗುತ್ತಾರೆ. ತಂತ್ರಜ್ಞಾನದ ಮಟ್ಟಿಗೆ ಸೊಗಸಾದ ಯೋಚನೆ. ಆದರೆ ವಿದೇಶಕ್ಕೆ ಹಣ ಕಳಿಸುವಾಗ ವಿನಿಮಯ ದರದಲ್ಲಿ ಅಂತರ ಇಟ್ಟು ಸಂಪಾದಿಸುತ್ತಿರೋದು ಬ್ಯಾಂಕುಗಳೇ. ನೆಕ್ಸಸ್‌ಗೆ ಸೇರೋಕೆ ಅವು ತಮ್ಮ ವ್ಯವಸ್ಥೆ ಬದಲಿಸಲು ಖರ್ಚು ಮಾಡಬೇಕು. ಅದರ ಫಲವಾಗಿ ತಮ್ಮದೇ ಆದಾಯ ಕಡಿಮೆಯಾಗೋದನ್ನು ನೋಡಬೇಕು. ಬ್ರೆಜಿಲ್‌ನ ಹಾಗೆ ಸೇರಲೇಬೇಕು ಅಂತ ಆದೇಶ ಮಾಡೋಣ ಅಂದ್ರೆ, ಒಂದು ದೇಶದ ಕೇಂದ್ರ ಬ್ಯಾಂಕಿನ ಮಾತು ಇನ್ನೊಂದು ದೇಶದ ಬ್ಯಾಂಕಿನ ಮೇಲೆ ನಡೆಯಲ್ಲ. ಹಣ ಸೇರಬೇಕಾದ ಕಡೆಯ ಬ್ಯಾಂಕು ಸರ್ವರ್‌ಗೆ ದುಡ್ಡು ಹಾಕದೆ ಕೂತರೆ ಕಳಿಸುವ ಕಡೆಯ ಕೇಂದ್ರ ಬ್ಯಾಂಕು ಪತ್ರ ಬರೆಯಬಹುದು, ಅಷ್ಟೇ.